ಡೈರಿಯ ಮೊದಲ ಪುಟದಲ್ಲಿ ‘ಐವತ್ತು ಕ್ಲೈಂಟ್’ ಅಂತ ಬರೆಯುವ ಮುಂಚೆ

ಪ್ರಶ್ನೆ: ಸರ್, ನಮಸ್ಕಾರ. ನಾನು ದಾವಣಗೆರೆಯವಳು. ವಿದ್ಯಾನಗರದಲ್ಲಿ ಒಂದು ಮೆಡಿಕಲ್ ಅಂಗಡಿ ಮೇಲಿನ ಕೋಣೆಯಲ್ಲಿ ಮೂರು ವರ್ಷದಿಂದ ಆನ್‌ಲೈನ್ ಮಾರ್ಕೆಟಿಂಗ್ ಮಾಡ್ತಿದ್ದೀನಿ. ಅಂಗಡಿಗಳ ಪೇಜ್ ನೋಡಿಕೊಳ್ಳೋದು, ರೀಲ್ಸ್, ಗೂಗಲ್ ಮ್ಯಾಪ್ ಕೆಲಸ, ಆ್ಯಡ್ ಹಾಕೋದು, ಇಷ್ಟು. ನನ್ನ ಜೊತೆ ಇಬ್ಬರಿದ್ದಾರೆ. 14 ಕ್ಲೈಂಟ್, ಆ್ಯಡ್ ದುಡ್ಡು ಬಿಟ್ಟು ಬರೀ ಫೀಸೇ ತಿಂಗಳಿಗೆ 91,000 ರೂಪಾಯಿ ಬಿಲ್ ಆಗುತ್ತೆ. ಅದರಲ್ಲಿ 22,000 ಒಂದೇ ಸೈಟ್ ಲೇಔಟ್‌ನವರದ್ದು. ಖರ್ಚು 46,000. ಬರಬೇಕಾದ ಬಾಕಿ 1,70,000 ಇದೆ. ಕ್ಲೈಂಟ್‌ಗಳ ಆ್ಯಡ್ ದುಡ್ಡು ತಿಂಗಳಿಗೆ ಸುಮಾರು 60,000 ನನ್ನ ಕಾರ್ಡಿನಿಂದಲೇ ಕಟ್ಟಿ, ಆಮೇಲೆ ಬಿಲ್‌ನಲ್ಲಿ ಸೇರಿಸಿ ತಗೋತೀನಿ. ಕಳೆದ ವರ್ಷ 9 ಜನ ಹೊಸಬರು ಬಂದರು, 8 ಜನ ಬಿಟ್ಟು ಹೋದರು. ಪ್ರತಿ ಜನವರಿಯಲ್ಲೂ ಡೈರಿಯಲ್ಲಿ ಗುರಿ ಬರೀತೀನಿ. ಈ ಸಲ ಬರೆದಿರೋದು: 50 ಕ್ಲೈಂಟ್, ನಮ್ಮ ಪೇಜಿಗೆ 1 ಲಕ್ಷ ಫಾಲೋವರ್ಸ್, ತಿಂಗಳಿಗೆ 3 ಲಕ್ಷ. ಆದರೆ ಮಾರ್ಚ್ ಬರೋ ಹೊತ್ತಿಗೆ ಆ ಡೈರಿ ಎಲ್ಲಿದೆ ಅಂತಲೂ ನೆನಪಿರಲ್ಲ. ಗುರಿ ಹೇಗಿಟ್ಟುಕೊಳ್ಳಬೇಕು? ಇನ್ನೊಬ್ಬರನ್ನ ಕೆಲಸಕ್ಕೆ ತಗೊಳ್ಳಲಾ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಎರಡು ಸಲವೂ ಕಣ್ಣು ನಿಂತದ್ದು ಒಂದೇ ಕಡೆ: 9 ಜನ ಬಂದರು, 8 ಜನ ಹೋದರು. ಇಡೀ ವರ್ಷ ಓಡಾಡಿ, ಪ್ರಪೋಸಲ್ ಬರೆದು, ಅಂಗಡಿ ಮಾಲೀಕರ ಮುಂದೆ ಮೊಬೈಲ್ ಹಿಡಿದು ತೋರಿಸಿ, ಕೊನೆಗೆ ಕೈಗೆ ಸಿಕ್ಕಿದ್ದು ಒಂದು ಕ್ಲೈಂಟ್. ತಳದಲ್ಲಿ ತೂತಿರುವ ಕೊಡಕ್ಕೆ ಇನ್ನಷ್ಟು ಜೋರಾಗಿ ನೀರು ಸುರಿಯುತ್ತೇನೆ ಅನ್ನುವುದನ್ನೇ ನೀವು ‘50 ಕ್ಲೈಂಟ್’ ಎಂದು ಬರೆದಿದ್ದೀರಿ.

ಬೇಸರ ಮಾಡಿಕೊಳ್ಳಬೇಡಿ. ಇದೇ ಕೆಲಸ ನಾನೂ ಮಾಡಿದವನು. ಕೇಬಲ್ ಟಿವಿಯ ಕೆಳಗೆ ಓಡುವ ಸಾಲುಗಳಿಗೆ, ಆಟೋ ಮೈಕಿಗೆ ಜಾಹೀರಾತು ಹಿಡಿಯುತ್ತಿದ್ದ ಕಾಲದಲ್ಲಿ ನಮ್ಮ ಆಫೀಸಿನ ಕ್ಯಾಲೆಂಡರ್ ಪಕ್ಕ ‘ಒಂದು ಕೋಟಿ’ ಎಂದು ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿದ್ದೆ. ಚಹಾ ತರುವ ಹುಡುಗ ಒಂದಿನ ‘ಇದು ಯಾರಿಗೆ ಕೊಡಬೇಕಾದ್ದು ಸಾರ್’ ಅಂತ ಕೇಳಿದ. ಸಾಲ ಅಂದುಕೊಂಡಿದ್ದ ಪಾಪ. ಅವತ್ತೇ ಕಿತ್ತು ಹಾಕಿದೆ.

ಮೊದಲು ಐವತ್ತರ ಲೆಕ್ಕ ಮುಗಿಸೋಣ. ನೀವು ಮೂರು ಜನ. ತಿಂಗಳಿಗೆ 25 ದಿನ, ದಿನಕ್ಕೆ 6 ಗಂಟೆ ನಿಜವಾದ ಕೆಲಸ ಎಂದು ಹಿಡಿಯಿರಿ. ಎಂಟು ಗಂಟೆ ಅನ್ನಬೇಡಿ. ಫೋನು, ಓಡಾಟ, ಕರೆಂಟು ಹೋಗುವುದು, ಮಾಲೀಕರು ಸಿಗುವವರೆಗೆ ಅಂಗಡಿಯಲ್ಲಿ ಕಾಯುವುದು ಎಲ್ಲ ಕಳೆದು ಆರೇ ಉಳಿಯುವುದು. ಒಟ್ಟು 450 ಗಂಟೆ. 14 ಕ್ಲೈಂಟ್‌ಗೆ ಹಂಚಿದರೆ ತಲಾ 32 ಗಂಟೆ. 50 ಕ್ಲೈಂಟ್‌ಗೆ ಹಂಚಿದರೆ ತಲಾ 9 ಗಂಟೆ. ಇಡೀ ತಿಂಗಳಿಗೆ ಒಂಬತ್ತು ಗಂಟೆಯಲ್ಲಿ ಯಾವ ಸೀರೆ ಅಂಗಡಿಯ ಪೇಜ್ ಉಸಿರಾಡುತ್ತದೆ ಹೇಳಿ? ಈಗಿನ ಹದದಲ್ಲೇ ಕೆಲಸ ಮಾಡಬೇಕೆಂದರೆ 1,600 ಗಂಟೆ ಬೇಕು, ಅಂದರೆ ಹನ್ನೊಂದು ಜನ. ಮೆಡಿಕಲ್ ಅಂಗಡಿ ಮೇಲಿನ ಕೋಣೆಯಲ್ಲಿ ಹನ್ನೊಂದು ಕುರ್ಚಿ ಹಿಡಿಸುವುದಿಲ್ಲ. ಹಾಗಾಗಿ ಆ ಗುರಿ ಮಾರ್ಚ್‌ನಲ್ಲಿ ಮುರಿದುಬಿದ್ದದ್ದಲ್ಲ, ಬರೆದ ದಿನವೇ ಮುರಿದಿತ್ತು. ಡೈರಿ ಮುಚ್ಚಿಟ್ಟದ್ದು ನಿಮ್ಮ ಸೋಮಾರಿತನ ಅಂತ ನನಗೆ ಅನ್ನಿಸಲಿಲ್ಲ. ಒಳಗೆಲ್ಲೋ ನಿಮಗೇ ಲೆಕ್ಕ ಗೊತ್ತಿತ್ತು.

ಇನ್ನೊಂದು ಲೆಕ್ಕ ಸ್ವಲ್ಪ ಕಹಿ. 91,000ವನ್ನು 14ರಿಂದ ಭಾಗಿಸಿದರೆ ತಲಾ 6,500 ಬರುತ್ತದೆ, ಪರವಾಗಿಲ್ಲ ಅನ್ನಿಸುತ್ತದೆ. ಸರಾಸರಿ ಇಲ್ಲಿ ಸುಳ್ಳು ಹೇಳುತ್ತಿದೆ. ಲೇಔಟ್‌ನವರ 22,000 ಪಕ್ಕಕ್ಕಿಡಿ. ಉಳಿದ 13 ಜನರಿಂದ ಬರುವುದು 69,000, ತಲಾ 5,300. ಅದನ್ನು 32 ಗಂಟೆಯಿಂದ ಭಾಗಿಸಿದರೆ ಗಂಟೆಗೆ 165 ರೂಪಾಯಿ ದುಡಿಮೆ. ಈಗ ಖರ್ಚಿಗೆ ಬನ್ನಿ. ನೀವು ಹೇಳಿದ 46,000ದಲ್ಲಿ ನಿಮ್ಮ ಸಂಬಳ ಸೇರಿಲ್ಲ, ಅಲ್ಲವೇ? ಬಹಳ ಜನ ಸೇರಿಸುವುದಿಲ್ಲ. ಹೊರಗೆ ಎಲ್ಲಾದರೂ ಕೆಲಸಕ್ಕೆ ಹೋಗಿದ್ದರೆ ನಿಮಗೆ 25,000 ಸಿಗುತ್ತಿತ್ತು ಎಂದು ಹಿಡಿದು ಸೇರಿಸಿದರೆ 71,000. ಅದನ್ನು 450 ಗಂಟೆಯಿಂದ ಭಾಗಿಸಿ: ಗಂಟೆಗೆ 158. ಅಲ್ಲಿಗೆ ಹದಿಮೂರು ಕ್ಲೈಂಟ್‌ಗಳ ಮೇಲೆ ಗಂಟೆಗೆ ನಿಮಗೆ ಉಳಿಯುತ್ತಿರುವುದು ಏಳು ರೂಪಾಯಿ. ಇಂಥ ಕ್ಲೈಂಟ್‌ಗಳನ್ನು ಹದಿಮೂರರಿಂದ ಐವತ್ತಕ್ಕೆ ಏರಿಸಿದರೆ ಸುಸ್ತು ಏರುತ್ತದೆ, ಏಳು ರೂಪಾಯಿ ಏಳಾಗಿಯೇ ಇರುತ್ತದೆ.

ಆದ್ದರಿಂದ ಈ ವರ್ಷಕ್ಕೆ ನನ್ನ ಮಾತು ಇಷ್ಟೇ: ಎಷ್ಟು ಜನ ಬರಬೇಕು ಎಂಬ ಗುರಿ ಬಿಡಿ. ಇರುವವರು ಉಳಿಯಬೇಕು, ಸರಿಯಾದ ದರ ಕೊಡಬೇಕು, ಹೇಳಿದ ದಿನ ಕೊಡಬೇಕು. ಮೂರೂ ನಿಮ್ಮ ಕೈಯಲ್ಲಿರುವಂಥವು. ಫಾಲೋವರ್ಸ್ ಸಂಖ್ಯೆ ಕ್ಯಾಲಿಫೋರ್ನಿಯಾದಲ್ಲಿ ಕೂತ ಫೇಸ್‌ಬುಕ್–ಇನ್‌ಸ್ಟಾಗ್ರಾಂನವರ ಕೈಯಲ್ಲಿದೆ.

ಫಾಲೋವರ್ಸ್ ವಿಷಯ ಬೇಗ ಮುಗಿಸುತ್ತೇನೆ. ದಾವಣಗೆರೆ ನಗರದ ಜನಸಂಖ್ಯೆ 2011ರ ಜನಗಣತಿಯಲ್ಲಿ 4.3 ಲಕ್ಷ ದಾಟಿತ್ತು, ಈಗ ಇನ್ನೂ ಹೆಚ್ಚಿರುತ್ತದೆ. ಕೂಸು ಮುದುಕರನ್ನೂ ಸೇರಿಸಿ ಆ ಲೆಕ್ಕ. ಅದರಲ್ಲಿ 1 ಲಕ್ಷ ಜನ ನಿಮ್ಮನ್ನು ಹಿಂಬಾಲಿಸಬೇಕಾದರೆ ನೀವು ಚುನಾವಣೆಗೇ ನಿಲ್ಲಬಹುದು. ಊರ ಹೊರಗಿನಿಂದ ಬಂದರೂ ಆಯಿತು ಅಂದರೆ, ಬಿಹಾರದಲ್ಲಿ ಕೂತು ನಿಮ್ಮ ದೋಸೆ ರೀಲ್ ನೋಡಿದವರು ಯಾರೂ ಪಿ.ಬಿ. ರಸ್ತೆಗೆ ಬಂದು ತಿನ್ನುವುದಿಲ್ಲ. 1975ರಲ್ಲಿ ಚಾರ್ಲ್ಸ್ ಗುಡ್‌ಹಾರ್ಟ್ ಎಂಬ ಬ್ರಿಟಿಷ್ ಅರ್ಥಶಾಸ್ತ್ರಜ್ಞ ಹಣಕಾಸು ನೀತಿಯ ಬಗ್ಗೆ ಒಂದು ಮಾತು ಹೇಳಿದ್ದ. ಈಗ ಅದನ್ನು ಎಲ್ಲದಕ್ಕೂ ಬಳಸುತ್ತಾರೆ: ಅಳೆಯಲು ಇಟ್ಟುಕೊಂಡದ್ದನ್ನೇ ಗುರಿ ಮಾಡಿಕೊಂಡರೆ ಅದು ಅಳತೆಗೆ ಬಾರದಂತಾಗುತ್ತದೆ. ಫಾಲೋವರ್ಸ್ ಗುರಿ ಇಟ್ಟ ಮರುದಿನದಿಂದ ನಿಮ್ಮ ಹುಡುಗರು ಕ್ಲೈಂಟ್ ಕೆಲಸ ಬಿಟ್ಟು ಟ್ರೆಂಡಿಂಗ್ ಹಾಡು ಹುಡುಕುತ್ತಾರೆ.

ಮತ್ತೆ, 2020ರ ಜೂನ್ 29 ನೆನಪಿದೆಯೇ? ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ಒಟ್ಟಿಗೆ ನಿಷೇಧಿಸಿತು, ಅದರಲ್ಲಿ ಟಿಕ್‌ಟಾಕ್ ಒಂದು. ಅಲ್ಲಿ ಲಕ್ಷಗಟ್ಟಲೆ ಜನರನ್ನು ಸೇರಿಸಿಟ್ಟುಕೊಂಡಿದ್ದವರಿಗೆ ನೋಡನೋಡುತ್ತ ಏನೂ ಉಳಿಯಲಿಲ್ಲ. ನಿಮ್ಮ ಕ್ಲೈಂಟ್‌ಗಳ ಬಳಿ ಸ್ವಂತದ ಗಿರಾಕಿ ಪಟ್ಟಿ, ಅಂದರೆ ಹೆಸರು, ಫೋನ್ ನಂಬರು, ಏನು ಕೊಂಡರು ಎಂಬಷ್ಟು ಬರೆದಿಟ್ಟ ಪುಸ್ತಕ, ಎಷ್ಟು ಜನರ ಹತ್ತಿರ ಇದೆ? ಅದನ್ನು ಮಾಡಿಸುವುದು ಈ ವರ್ಷದ ಒಳ್ಳೆಯ ಕೆಲಸ. ಒಂದು ಎಚ್ಚರ: ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಗೆ (ಒಂದೇ ಸಂದೇಶ ಹಲವರಿಗೆ ಒಟ್ಟಿಗೆ ಕಳಿಸುವ ಪಟ್ಟಿ) 256 ಜನರ ಮಿತಿಯಿದೆ, ಮತ್ತು ಅಂಗಡಿಯ ನಂಬರನ್ನು ತಮ್ಮ ಮೊಬೈಲಿನಲ್ಲಿ ಸೇವ್ ಮಾಡಿಕೊಂಡವರಿಗಷ್ಟೇ ಆ ಸಂದೇಶ ತಲುಪುತ್ತದೆ. ಹಾಗಾಗಿ ಕೌಂಟರ್‌ನಲ್ಲಿ ‘ನಮ್ಮ ನಂಬರ್ ಸೇವ್ ಮಾಡ್ಕೊಳ್ರಿ’ ಎಂದು ಹೇಳಿಸುವುದೂ ನಿಮ್ಮ ಕೆಲಸದ ಭಾಗವೇ.

ಈಗ ಹೋದ ಎಂಟು ಜನಕ್ಕೆ ಬರೋಣ. ಅವರು ಯಾಕೆ ಹೋದರು? ನೀವು ಪತ್ರದಲ್ಲಿ ಬರೆದಿಲ್ಲ. ಬಹುಶಃ ಕೇಳಿಯೂ ಇಲ್ಲ. ಬಿಟ್ಟುಹೋದವರಿಗೆ ಫೋನ್ ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ನನ್ನ ಅನುಭವದಲ್ಲಿ ಅಂಗಡಿಯವರು ‘ದುಬಾರಿ ಆಯ್ತು’ ಅಂದರೆ ‘ಏನು ಬಂತು ಅಂತ ಗೊತ್ತಾಗಲಿಲ್ಲ’ ಎಂದು ಅರ್ಥ. ನೀವು ತಿಂಗಳ ಕೊನೆಗೆ ರೀಚ್ (ಪೋಸ್ಟ್ ತಲುಪಿದ ಜನ) 84,000, ಲೈಕ್ 2,100 ಎಂದು ರಿಪೋರ್ಟ್ ಕಳಿಸುತ್ತೀರಿ. ಸಾಹುಕಾರರು ಅದನ್ನು ನೋಡಿ ತಲೆ ಆಡಿಸುತ್ತಾರೆ, ಆಮೇಲೆ ಗಲ್ಲಾಪೆಟ್ಟಿಗೆ ನೋಡುತ್ತಾರೆ. ಎರಡಕ್ಕೂ ಸಂಬಂಧ ಕಾಣುವುದಿಲ್ಲ. ಮೂರನೇ ತಿಂಗಳು ‘ನಮ್ಮ ಹುಡುಗನೇ ಎಐನಲ್ಲಿ ಪೋಸ್ಟರ್ ಮಾಡ್ತಾನೆ ಬಿಡಮ್ಮ’ ಎನ್ನುತ್ತಾರೆ.

ಅವರು ಹೇಳುವುದು ನಿಜ ಕೂಡ. ಪೋಸ್ಟರಿಗೆ ಇನ್ನು ಬೆಲೆಯಿಲ್ಲ, ಬರುವ ವರ್ಷ ಇನ್ನೂ ಇಳಿಯುತ್ತದೆ. ತಿಂಗಳಿಗೆ ಇಷ್ಟು ಪೋಸ್ಟರ್, ಇಷ್ಟು ರೀಲ್ ಎಂಬ ಪ್ಯಾಕೇಜ್ ಮಾರುವವರಿಗೆಲ್ಲ ಕಷ್ಟ ಕಾದಿದೆ. ನಿಮ್ಮ ಹತ್ತಿರ ಬೆಲೆ ಇಳಿಯದ್ದು ಒಂದಿದೆ: ಯಾವ ಅಂಗಡಿಗೆ ಯಾವ ತಿಂಗಳು ಯಾರು ಬರುತ್ತಾರೆ, ಅವರ ಜೊತೆ ಯಾವ ಭಾಷೆಯಲ್ಲಿ ಮಾತಾಡಬೇಕು ಎಂಬ ಊರಿನ ಅರಿವು. ಮಷಿನ್ ಬರೆದ ‘ಇಂದೇ ಭೇಟಿ ನೀಡಿ’ಗೂ ನಮ್ಮೂರಿನ ‘ಬರ್ರೀ ಒಂದ್ಸಲ’ಗೂ ಇರುವ ವ್ಯತ್ಯಾಸ ನಿಮಗೆ ಗೊತ್ತು.

ಹಾಗಾಗಿ ಪ್ರತಿ ಕ್ಲೈಂಟ್‌ಗೂ ಒಂದೇ ಒಂದು ಸಂಖ್ಯೆ ಆರಿಸಿಕೊಳ್ಳಿ, ಅದು ಗಲ್ಲಾಪೆಟ್ಟಿಗೆಗೆ ಹತ್ತಿರದ್ದಾಗಿರಲಿ. ಹೋಟೆಲ್‌ಗೆ ಗೂಗಲ್ ಪ್ರೊಫೈಲ್‌ನಲ್ಲಿ ‘ದಾರಿ ತೋರಿಸು’ ಒತ್ತಿದವರು ಎಷ್ಟು. ಡಯಾಗ್ನೋಸ್ಟಿಕ್ ಸೆಂಟರ್‌ಗೆ ಬಂದ ಫೋನ್ ಕರೆ ಎಷ್ಟು. ಗೂಗಲ್ ಇವೆರಡನ್ನೂ ತಿಂಗಳುವಾರು ಪುಕ್ಕಟೆ ತೋರಿಸುತ್ತದೆ. ಸೀರೆ ಅಂಗಡಿ, ಚಿನ್ನದಂಗಡಿಗೆ ಹಳೆಯ ಉಪಾಯವೇ ಸರಿ: ಕೌಂಟರ್‌ನಲ್ಲಿ ನೂರು ಪುಟದ ನೋಟ್‌ಬುಕ್ಕು, ಬಿಲ್ ಮಾಡುವಾಗ ‘ಎಲ್ಲಿ ನೋಡಿ ಬಂದ್ರಿ?’ ಎಂದು ಕೇಳಿ ಒಂದು ಗೀಟು. ಮೊಬೈಲು, ಪರಿಚಯದವರು, ದಾರಿಯಲ್ಲಿ ಬೋರ್ಡ್ ನೋಡಿ, ಹಳೇ ಗಿರಾಕಿ — ನಾಲ್ಕೇ ಕಾಲಂ. ಮೊದಲ ಎರಡು ವಾರ ಕೆಲಸದವರು ಮರೆಯುತ್ತಾರೆ. ನೀವು ದಿನಾ ಸಂಜೆ ಅದರ ಫೋಟೋ ಕಳಿಸಲು ಹೇಳಿ, ರೂಢಿಯಾಗುತ್ತದೆ.

ಕೋಚಿಂಗ್ ಸೆಂಟರ್ ಉದಾಹರಣೆ ತೆಗೆದುಕೊಳ್ಳಿ, ಅಂಕಿಗಳು ಬರೀ ಲೆಕ್ಕಕ್ಕೆ. ಆ್ಯಡ್‌ಗೆ 15,000 ಹಾಕಿದಿರಿ, 200 ಜನ ವಿಚಾರಿಸಿದರು, 40 ಜನ ಖುದ್ದು ಬಂದರು, 12 ಜನ ಸೇರಿದರು. ಫೀಸು 18,000 ಆದರೆ 2,16,000. ಈ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ಮಾಲೀಕರ ಮುಂದಿಟ್ಟರೆ ನಿಮ್ಮ ಫೀಸಿನ ಚರ್ಚೆಯ ದನಿಯೇ ಬದಲಾಗುತ್ತದೆ. ಇನ್ನೊಂದು ಲಾಭವೂ ಇದೆ. 200 ಜನ ಕೇಳಿ 40 ಜನವೇ ಬಂದರೆಂದರೆ ತೊಡಕು ನಿಮ್ಮ ಆ್ಯಡ್‌ನಲ್ಲಿಲ್ಲ, ಅವರ ಫೋನ್ ಎತ್ತುವವರಲ್ಲಿದೆ. ಅದನ್ನು ಮೆತ್ತಗೆ ಹೇಳಿ ಸರಿಪಡಿಸಿದ ಏಜೆನ್ಸಿಯನ್ನು ಯಾರೂ ಸುಲಭಕ್ಕೆ ಬಿಡುವುದಿಲ್ಲ.

ಅಂದಹಾಗೆ, ‘ರಿವ್ಯೂ ಬರೆದರೆ ಒಂದು ಕಾಫಿ ಫ್ರೀ’ ಎಂದು ಮಾಡಿಸುತ್ತಿದ್ದರೆ ನಿಲ್ಲಿಸಿ. ಆಸೆ ತೋರಿಸಿ ರಿವ್ಯೂ ಬರೆಸುವುದು ಗೂಗಲ್ ನಿಯಮಕ್ಕೆ ವಿರುದ್ಧ. ವರ್ಷಗಟ್ಟಲೆ ಕೂಡಿಟ್ಟ ರಿವ್ಯೂ ಒಂದೇ ಏಟಿಗೆ ಹೋಗಬಹುದು.

ದರದ ವಿಷಯ ನಿಮಗೆ ಭಯ ಹುಟ್ಟಿಸುವಂಥದ್ದು ಅಂತ ಗೊತ್ತು. ಲೆಕ್ಕ ಹಾಕಿದರೆ ಭಯ ಅರ್ಧ ಇಳಿಯುತ್ತದೆ. ಆ 13 ಜನರ ದರವನ್ನು 5,300ರಿಂದ 7,500ಕ್ಕೆ ಏರಿಸಿದಿರಿ, ಮೂವರು ಸಿಟ್ಟಾಗಿ ಹೋದರು ಅಂದುಕೊಳ್ಳಿ. ಉಳಿದ ಹತ್ತು ಜನರಿಂದ 75,000 ಬರುತ್ತದೆ. ಈಗ ಬರುತ್ತಿರುವುದು 69,000. ಆರು ಸಾವಿರ ಹೆಚ್ಚು, ಮೇಲೆ ಮೂರು ಜನರ ಹತ್ತಿರ ಹತ್ತಿರ ನೂರು ಗಂಟೆ ಖಾಲಿ. ನಾಲ್ಕನೆಯವರೂ ಹೋದರೆ 67,500, ಈಗಿನದಕ್ಕಿಂತ ಒಂದೂವರೆ ಸಾವಿರ ಕಡಿಮೆ, ಅಷ್ಟೇ. ಅಂದರೆ ಹದಿಮೂರರಲ್ಲಿ ನಾಲ್ವರನ್ನು ಕಳೆದುಕೊಂಡರೂ ನೀವು ಮುಳುಗುವುದಿಲ್ಲ.

ಆದರೆ ಜನವರಿ ಒಂದಕ್ಕೆ ಎಲ್ಲರಿಗೂ ಒಟ್ಟಿಗೆ ವಾಟ್ಸ್‌ಆ್ಯಪ್‌ನಲ್ಲಿ ದರ ಹೆಚ್ಚಳದ ಸಂದೇಶ ಕಳಿಸಬೇಡಿ. ನಮ್ಮ ಊರಲ್ಲಿ ದರದ ಮಾತು ಎದುರು ಕೂತು ಆಡುವ ಮಾತು. ನೋಟ್‌ಬುಕ್ ಮೂರು ತಿಂಗಳು ತುಂಬಲಿ. ಅದನ್ನು ಹಿಡಿದುಕೊಂಡು, ಅವರ ಸೀಸನ್ ಶುರುವಾಗುವ ಆರು ವಾರ ಮೊದಲು ಹೋಗಿ. ಸೀರೆ ಅಂಗಡಿಗೆ ವರಮಹಾಲಕ್ಷ್ಮಿಗೆ ಮೊದಲು, ಕೋಚಿಂಗ್‌ನವರಿಗೆ ಪರೀಕ್ಷೆ ಮುಗಿಯುವ ಮೊದಲು. ಆಷಾಢದಲ್ಲಿ ಮಾತ್ರ ಹೋಗಬೇಡಿ, ಖಾಲಿ ಅಂಗಡಿಯಲ್ಲಿ ಕೂತವರ ಹತ್ತಿರ ದರ ಏರಿಸಿ ಅನ್ನುವುದು ಗಾಯಕ್ಕೆ ಉಪ್ಪು ಹಾಕಿದ ಹಾಗೆ. ಹೊಸಬರಿಗೆ ಇವತ್ತಿನಿಂದಲೇ 8,500ಕ್ಕೆ ಕಡಿಮೆ ಬೇಡ.

ಇಲ್ಲಿಂದಲೇ ಇನ್ನೊಂದು ಮಾತು ಹುಟ್ಟುತ್ತದೆ: ನಿಮ್ಮ ವರ್ಷ ಜನವರಿಗೆ ಶುರುವಾಗುವುದೇ ಇಲ್ಲ. ಧನುರ್ಮಾಸ ನಡೆಯುತ್ತಿರುತ್ತದೆ, ಮದುವೆಯಿಲ್ಲ, ಬಟ್ಟೆ–ಬಂಗಾರದ ಅಂಗಡಿ ತಣ್ಣಗಿರುತ್ತದೆ. ಸಂಕ್ರಾಂತಿ ದಾಟಿದ ಮೇಲೆ ಮದುವೆ ಶುರು. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆಯಿರುವ ವರ್ಷಕ್ಕೂ ಇಲ್ಲದ ವರ್ಷಕ್ಕೂ ಅದೇ ತಿಂಗಳ ವ್ಯಾಪಾರ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಯುಗಾದಿಗೆ ಬೈಕು. ಏಪ್ರಿಲ್‌ನಿಂದ ಜೂನ್‌ವರೆಗೆ ಅಡ್ಮಿಷನ್. ಜೆಜೆಎಂ ಮೆಡಿಕಲ್ ಕಾಲೇಜು 1965ಕ್ಕೇ ಬಂದ, ಬಿಐಇಟಿ ಎಂಜಿನಿಯರಿಂಗ್ ಕಾಲೇಜು 1979ಕ್ಕೆ ಬಂದ ಊರಿದು, ಓದಿನ ವ್ಯಾಪಾರ ಇಲ್ಲಿ ಚಿಕ್ಕದಲ್ಲ. ಆಷಾಢಕ್ಕೆ ಡಿಸ್ಕೌಂಟ್, ಶ್ರಾವಣಕ್ಕೆ ಸೀರೆ, ದಸರಾ–ದೀಪಾವಳಿಗೆ ಟಿವಿ–ವಾಹನ. ಮೆಕ್ಕೆಜೋಳ ಎಪಿಎಂಸಿಗೆ ಬಂದು ರೈತರ ಕೈಗೆ ದುಡ್ಡು ಸೇರಿದ ಮೇಲೆ ಮತ್ತೊಂದು ಅಲೆ. ಚನ್ನಗಿರಿ ಕಡೆ ಕ್ಲೈಂಟ್ ಇದ್ದರೆ ಅಡಿಕೆ ಕೊಯ್ಲಿನ ದುಡ್ಡಿಗೆ ಅದರದೇ ಕಾಲ. ಇಷ್ಟೆಲ್ಲ ಏರಿಳಿತ ಇರುವ ಊರಿನಲ್ಲಿ ವರ್ಷದ ಗುರಿಯನ್ನು ಹನ್ನೆರಡರಿಂದ ಭಾಗಿಸಿ ‘ತಿಂಗಳಿಗೆ ಇಷ್ಟು’ ಎಂದು ಬರೆದರೆ ಜೂನ್–ಜುಲೈನಲ್ಲಿ ಸುಮ್ಮನೆ ಧೈರ್ಯ ಕೆಡುತ್ತದೆ.

ನಮ್ಮ ಹಳೇ ವರ್ತಕರು ದೀಪಾವಳಿಯಲ್ಲಿ ಲಕ್ಷ್ಮೀಪೂಜೆ ಮಾಡಿ ಹೊಸ ಖಾತೆ ಪುಸ್ತಕ ತೆಗೆಯುತ್ತಿದ್ದುದು ಭಕ್ತಿಗಷ್ಟೇ ಅಲ್ಲ ಅಂತ ನನಗೆ ಅನ್ನಿಸುತ್ತದೆ. ಫಸಲಿನ ದುಡ್ಡು ಬರುವ ಹೊತ್ತಿಗೆ ಹಳೇ ಉದ್ರಿ ಚುಕ್ತಾ ಮಾಡಿಸಿಕೊಳ್ಳಲು ಅದೇ ಸರಿಯಾದ ಕಾಲ. ನಿಮ್ಮ ವರ್ಷವನ್ನು ನಾಲ್ಕು ತುಂಡು ಮಾಡಿಕೊಳ್ಳಿ: ಸಂಕ್ರಾಂತಿಯಿಂದ ಯುಗಾದಿ, ಯುಗಾದಿಯಿಂದ ಆಷಾಢದ ತನಕ, ಆಷಾಢದಿಂದ ಗಣೇಶನ ಹಬ್ಬ, ಅಲ್ಲಿಂದ ದೀಪಾವಳಿ ದಾಟುವವರೆಗೆ. ಒಂದು ತುಂಡಿಗೆ ಒಂದು ಗುರಿ, ಅದಕ್ಕಿಂತ ಹೆಚ್ಚು ಬೇಡ. ಮೊದಲ ತುಂಡಿಗೆ ಬಾಕಿ ವಸೂಲಿ. ಎರಡನೆಯದಕ್ಕೆ ಅರ್ಧ ಕ್ಲೈಂಟ್‌ಗಳ ದರ. ಮೂರನೆಯದಕ್ಕೆ ಉಳಿದರ್ಧ, ಆಷಾಢ ಕಳೆದ ಮೇಲೆ. ನಾಲ್ಕನೆಯದು ಬರೀ ದುಡಿಯುವ ಕಾಲ, ಅಲ್ಲಿ ಹೊಸ ಪ್ರಯೋಗ ಬೇಡ.

ಬಾಕಿ 1,70,000 ಎಂದಿರಿ. ನಿಮ್ಮ ತಿಂಗಳ ಉಳಿತಾಯ 45,000. ಹತ್ತಿರ ಹತ್ತಿರ ನಾಲ್ಕು ತಿಂಗಳ ಲಾಭ ಬೇರೆಯವರ ಜೇಬಿನಲ್ಲಿದೆ. ಇನ್ನು ಮುಂದೆ ತಿಂಗಳ 5ರೊಳಗೆ ಮುಂಗಡ, 10ರೊಳಗೆ ಬಾರದಿದ್ದರೆ ಕೆಲಸ ನಿಲ್ಲಿಸುವುದು, ಇದನ್ನು ಎರಡು ಸಾಲಿನಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ, ಮಾಡಿಸಿಲ್ಲವಾದರೆ ಈ ವಾರವೇ ಮಾಡಿ, ಸರ್ಕಾರದ ಜಾಲತಾಣದಲ್ಲಿ ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು, ಒಂದು ಪೈಸೆ ಶುಲ್ಕವಿಲ್ಲ, ಮಧ್ಯವರ್ತಿಗೆ ದುಡ್ಡು ಕೊಡಬೇಡಿ. 2006ರ ಸಣ್ಣ ಉದ್ದಿಮೆಗಳ ಕಾಯ್ದೆಯ ಪ್ರಕಾರ ನಿಮ್ಮಂಥವರಿಗೆ ಕೊಡಬೇಕಾದ ಹಣವನ್ನು ಬರವಣಿಗೆಯ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಕೊಡಬೇಕು. 2023ರ ಹಣಕಾಸು ಕಾಯ್ದೆಯ ನಂತರ, ತಡ ಮಾಡಿದ ಹಣವನ್ನು ನಿಜವಾಗಿ ಕೊಡುವವರೆಗೆ ಅವರು ಆದಾಯ ತೆರಿಗೆಯಲ್ಲಿ ಖರ್ಚು ಎಂದು ತೋರಿಸುವಂತಿಲ್ಲ. ಆಡಿಟ್ ಮಾಡಿಸುವ ದೊಡ್ಡ ಕ್ಲೈಂಟ್‌ಗಳಿಗೆ ಇದು ತಟ್ಟುತ್ತದೆ. ಬಿಲ್ ಮೇಲೆ ಉದ್ಯಮ್ ಸಂಖ್ಯೆ ಇದ್ದರೆ ಮಾರ್ಚ್‌ನಲ್ಲಿ ಅವರ ಆಡಿಟರೇ ನಿಮ್ಮ ಪರವಾಗಿ ವಸೂಲಿಗೆ ನಿಲ್ಲುತ್ತಾರೆ. ಚಿಕ್ಕ ಅಂಗಡಿಯವರ ಮೇಲೆ ಕಾಯ್ದೆ ತೋರಿಸಬೇಡಿ. ನಾಳೆ ದೇವಸ್ಥಾನದಲ್ಲಿ ಎದುರು ಸಿಗುವವರು. ಅವರಿಗೆ ಮುಂಗಡವೇ ಮದ್ದು.

ಆ್ಯಡ್ ದುಡ್ಡು ನಿಮ್ಮ ಕಾರ್ಡಿನಿಂದ ಕಟ್ಟುತ್ತೀರಲ್ಲ, ಅದನ್ನು ಓದಿದಾಗ ನನ್ನ ಹಳೇ ಗಾಯ ಚುರುಕ್ ಎಂದಿತು. ಒಂದು ದೀಪಾವಳಿಗೆ ನಾನೂ ಹೀಗೆ ಒಂದು ಅಂಗಡಿಯ ಆ್ಯಡ್‌ಗೆ ಅರವತ್ತು ಸಾವಿರ ನನ್ನ ಕ್ರೆಡಿಟ್ ಕಾರ್ಡಿನಲ್ಲಿ ಹಾಕಿದ್ದೆ. ಅವರು ಕೊಟ್ಟದ್ದು ಯುಗಾದಿಗೆ. ಅಲ್ಲಿಯವರೆಗೆ ಬ್ಯಾಂಕಿಗೆ ತಿಂಗಳಿಗೆ ನೂರಕ್ಕೆ ಮೂರೂವರೆಯಂತೆ ಬಡ್ಡಿ ಕಟ್ಟಿದವನು ನಾನು. ಮಾಡಿದ ಕೆಲಸದ ಕೂಲಿ ಬಡ್ಡಿಗೇ ಹೋಯಿತು.

ಬಡ್ಡಿಯೊಂದೇ ಅಲ್ಲ, ತೆರಿಗೆಯ ಲೆಕ್ಕವೂ ಕೆಡುತ್ತದೆ. ಸೇವೆ ಕೊಡುವವರಿಗೆ ನಮ್ಮ ರಾಜ್ಯದಲ್ಲಿ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಈ ವರ್ಷ ನಿಮ್ಮ ಫೀಸು 14 ಲಕ್ಷ ಮುಟ್ಟಿತು ಎನ್ನಿ. ಆ್ಯಡ್ ದುಡ್ಡು ತಿಂಗಳಿಗೆ 60,000ದಂತೆ 7.2 ಲಕ್ಷ. ಎರಡೂ ನಿಮ್ಮ ಬಿಲ್‌ನಲ್ಲೇ ಇದ್ದರೆ 21.2 ಲಕ್ಷ! ನಿಮ್ಮದಲ್ಲದ ದುಡ್ಡಿನಿಂದ ಗೆರೆ ದಾಟಿ, ಮುಂದೆ ಪ್ರತಿ ಬಿಲ್ ಮೇಲೆ 18 ಪರ್ಸೆಂಟ್ ಹಾಕಬೇಕಾಗುತ್ತದೆ. ನೋಂದಣಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ನಿಜವಾಗಿ ದುಡಿದು ದಾಟಿದ ದಿನ ಖುಷಿಯಿಂದ ಮಾಡಿಸಿ. ಆದರೆ ಆ್ಯಡ್ ಖಾತೆ ಕ್ಲೈಂಟ್ ಹೆಸರಲ್ಲಿರಲಿ, ದುಡ್ಡು ಅವರ ಕಾರ್ಡ್ ಅಥವಾ ಯುಪಿಐನಿಂದ ಹೋಗಲಿ, ನಿಮಗೆ ಕೆಲಸ ಮಾಡುವಷ್ಟು ಪ್ರವೇಶ ಇದ್ದರೆ ಸಾಕು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿ ಆ್ಯಡ್ ಬಿಲ್‌ಗೆ 18 ಪರ್ಸೆಂಟ್ ಜಿಎಸ್‌ಟಿ ಸೇರಿಸುತ್ತದೆ. ಕ್ಲೈಂಟ್ ತಮ್ಮ ಜಿಎಸ್‌ಟಿ ಸಂಖ್ಯೆ ಅಲ್ಲಿ ಹಾಕಿದರೆ, ಮಾಮೂಲಿ ನೋಂದಣಿಯಲ್ಲಿರುವ ಚಿನ್ನದಂಗಡಿ, ಶೋರೂಮ್‌ನಂಥವರು ಅದನ್ನು ಇನ್‌ಪುಟ್ ಆಗಿ, ಅಂದರೆ ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಂಡು, ಪಡೆಯಬಹುದು. ಕಾಂಪೋಸಿಷನ್‌ನಲ್ಲಿ, ಅಂದರೆ ಚಿಕ್ಕ ವ್ಯಾಪಾರಿಗಳ ಸರಳ ಜಿಎಸ್‌ಟಿ ಪದ್ಧತಿಯಲ್ಲಿ, ಇರುವವರಿಗೆ ಸಿಗುವುದಿಲ್ಲ. ‘ನಿಮಗೇ ಲಾಭ ಸರ್’ ಎಂದು ಹೇಳಿ ಕಾರ್ಡ್ ಬದಲಾಯಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಇವುಗಳನ್ನು ಒಮ್ಮೆ ನಿಮ್ಮ ಆಡಿಟರ್ ಜೊತೆ ಕೂತು ನೋಡಿಕೊಳ್ಳಿ.

ಇನ್ನು ಆ ಲೇಔಟ್‌ನವರು. 91,000ದಲ್ಲಿ 22,000 ಎಂದರೆ ಕಾಲು ಭಾಗ ಒಬ್ಬರದ್ದೇ. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿದು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಅವನ್ನೇ ನಂಬಿದ್ದ ಬೀದಿಗಳಿಗೆ ಏನಾಯಿತೆಂದು ನಿಮ್ಮ ಮನೆಯ ಹಿರಿಯರನ್ನು ಕೇಳಿ. ಸೈಟುಗಳು ಮಾರಾಟವಾಗಿ ಮುಗಿದ ದಿನ ಲೇಔಟ್‌ನವರಿಗೆ ನಿಮ್ಮ ಕೆಲಸವೂ ಮುಗಿಯುತ್ತದೆ, ಅದು ಅವರ ತಪ್ಪಲ್ಲ. ಆ 22,000ವನ್ನು ಖಾಯಂ ಆದಾಯ ಎಂದು ಹಿಡಿದು ಯಾರ ಸಂಬಳವನ್ನೂ ನಿಗದಿ ಮಾಡಬೇಡಿ. ಮತ್ತೆ, ಅವರ ಆ್ಯಡ್‌ಗಳಲ್ಲಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಹಾಕುತ್ತಿದ್ದೀರಾ? 2016ರ ಕಾಯ್ದೆಯಡಿ ನೋಂದಣಿ ಬೇಕಾದ ಲೇಔಟ್ ಆದರೆ, ನೋಂದಣಿಯಾಗುವವರೆಗೆ ಜಾಹೀರಾತನ್ನೇ ಕೊಡುವಂತಿಲ್ಲ, ಆದ ಮೇಲೆ ಜಾಹೀರಾತಿನಲ್ಲಿ ಸಂಖ್ಯೆ ಇರಲೇಬೇಕು. ಸಂಖ್ಯೆ ಕೇಳಿ. ‘ಆಮೇಲೆ ಕೊಡ್ತೀವಿ’ ಅಂದರೆ ಆ್ಯಡ್ ಕೂಡ ಆಮೇಲೆ.

‘ಸ್ಮಾರ್ಟ್ ಗುರಿ’ ಎಂಬುದನ್ನು ನೀವು ಯಾವುದಾದರೂ ವಿಡಿಯೊದಲ್ಲಿ ಕೇಳಿರುತ್ತೀರಿ. ಇಂಗ್ಲಿಷಿನ ಐದು ಅಕ್ಷರ, ಐದು ಗುಣ. ಜಾರ್ಜ್ ಡೊರನ್ ಎಂಬಾತ 1981ರಲ್ಲಿ ಇದನ್ನು ಬರೆದಾಗ ನಡುವಿನ ‘ಎ’ ಅಕ್ಷರಕ್ಕೆ ಕೊಟ್ಟ ಅರ್ಥ ಈಗ ಎಲ್ಲರೂ ಹೇಳುವ ‘ಸಾಧಿಸಬಹುದಾದದ್ದು’ ಎಂದಲ್ಲ, ‘ಯಾರಿಗೆ ವಹಿಸಿದ್ದು’ ಎಂದು. ನನಗೆ ಹಳೆಯ ಅರ್ಥವೇ ಮೇಲು. ನಿಮ್ಮ ಡೈರಿಯ ಮೂರೂ ಗುರಿಗಳ ಮುಂದೆ ಯಾರ ಹೆಸರೂ ಇಲ್ಲ. ಬಾಕಿ ವಸೂಲಿ ಯಾರದ್ದು? ಕೌಂಟರ್ ನೋಟ್‌ಬುಕ್‌ಗಳ ಫೋಟೋ ತರಿಸುವುದು ಯಾರದ್ದು? ಇಬ್ಬರು ಹುಡುಗರಲ್ಲಿ ಒಬ್ಬರಿಗೆ ಒಂದನ್ನು ಬಿಟ್ಟುಕೊಡಿ, ಬಾಕಿ ಕೇಳುವ ಕೆಲಸ ಮಾತ್ರ ನೀವೇ ಇಟ್ಟುಕೊಳ್ಳಿ. ಸಂಬಳಕ್ಕಿರುವ ಹುಡುಗರು ದುಡ್ಡು ಕೇಳಲು ಹೋದರೆ ಚಹಾ ಕುಡಿಸಿ ಕಳಿಸುತ್ತಾರೆ. ಡೈರಿ ಬದಲು ಗೋಡೆಗೆ ಒಂದು ಹಾಳೆ ಅಂಟಿಸಿ, ಪ್ರತಿ ಸೋಮವಾರ ಬೆಳಿಗ್ಗೆ ಹದಿನೈದು ನಿಮಿಷ ಮೂವರೂ ಅದರ ಮುಂದೆ ನಿಂತು ಅಂಕಿ ತಿದ್ದಿ. ಕೂತರೆ ಮಾತು ಉದ್ದವಾಗುತ್ತದೆ, ನಿಂತೇ ಮಾಡಿ.

ಹಾಳೆಯ ಮೇಲೆ ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ಯುಗಾದಿಯೊಳಗೆ ಬಾಕಿ 1,70,000ದಿಂದ 50,000ಕ್ಕೆ ಇಳಿಯಬೇಕು. ಗಣೇಶನ ಹಬ್ಬದೊಳಗೆ ಹಳೆಯ ಕ್ಲೈಂಟ್ ಯಾರೂ 7,500ಕ್ಕಿಂತ ಕಡಿಮೆ ಕೊಡುತ್ತಿರಬಾರದು. ವರ್ಷದಲ್ಲಿ ಬಿಟ್ಟುಹೋಗುವವರು ಎಂಟರಿಂದ ನಾಲ್ಕಕ್ಕೆ, ದರ ಏರಿದ್ದಕ್ಕೆ ಹೋಗುವವರೂ ಸೇರಿ. ದೀಪಾವಳಿ ಹೊತ್ತಿಗೆ 16 ಕ್ಲೈಂಟ್, ತಿಂಗಳಿಗೆ 1,36,000 ಆಸುಪಾಸು. ನಿಮ್ಮ ಮೂರು ಲಕ್ಷಕ್ಕೆ ಹೋಲಿಸಿದರೆ ಸಪ್ಪೆ ಅನ್ನಿಸಬಹುದು. ಆದರೆ ಖರ್ಚು ಈಗಿನಷ್ಟೇ ಇದ್ದರೆ ಕೈಗುಳಿಯುವುದು 45,000ದಿಂದ 90,000ಕ್ಕೆ ಏರುತ್ತದೆ, ಹೊಸ ಕುರ್ಚಿ ಒಂದೂ ಇಲ್ಲದೆ.

ಇನ್ನೊಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳಲಾ ಎಂದು ಕೇಳಿದಿರಿ. ಈಗ ಬೇಡ. ಮೂವರೂ ಯಾವ ಕ್ಲೈಂಟ್‌ಗೆ ದಿನಕ್ಕೆ ಎಷ್ಟು ಗಂಟೆ ಕೊಟ್ಟಿರಿ ಎಂದು ಒಂದು ಪುಸ್ತಕದಲ್ಲಿ ಬರೆಯುತ್ತ ಬನ್ನಿ. ನಾನು ಸಲೀಸಾಗಿ ತಲಾ 32 ಗಂಟೆ ಎಂದು ಹಂಚಿದೆ, ನಿಜದಲ್ಲಿ ಹಾಗಿರುವುದಿಲ್ಲ. ಅತಿ ಕಡಿಮೆ ಕೊಡುವವರೇ ಅತಿ ಹೆಚ್ಚು ಗಂಟೆ ತಿನ್ನುತ್ತಿರುತ್ತಾರೆ, ನೋಡಿ ಬೇಕಾದರೆ. ಜೂನ್ ಮೊದಲ ವಾರ ಆ ಪುಸ್ತಕದ ಲೆಕ್ಕ ಬರೆದು ಕಳಿಸಿ, ಆಗ ಹೇಳುತ್ತೇನೆ. ಅದಕ್ಕೂ ಮುಂಚೆ, ಸಾಧ್ಯವಾದರೆ ನಾಳೆಯೇ, ಬಿಟ್ಟುಹೋದ ಎಂಟು ಜನರಲ್ಲಿ ಮೂವರಿಗೆ ಫೋನ್ ಮಾಡಿ. ವಾಪಸ್ ಬನ್ನಿ ಎಂದು ಕೇಳಬೇಡಿ. ‘ನಮ್ಮ ಕಡೆಯಿಂದ ಏನು ಕಡಿಮೆ ಆಯ್ತು ಹೇಳ್ರಿ, ಬೇಜಾರು ಮಾಡ್ಕೊಳಲ್ಲ’ ಎಂದಷ್ಟೇ ಕೇಳಿ, ಅವರು ಹೇಳುವಾಗ ನಡುವೆ ಮಾತಾಡದೆ ಬರೆದುಕೊಳ್ಳಿ.